ಮಿಲಿಟ್ರಿ ಇಳಿಯೋರು

ಆ ಬೋರ್ಡು ಎಲ್ಲಿತ್ತು ಎಂಬಲ್ಲಿಂದಲೇ ತಕರಾರು ಶುರುವಾಗುತ್ತದೆ. ನಮ್ಮ ಮನೆಯವರೆಲ್ಲ ಹೇಳುವ ಪ್ರಕಾರ, ಮಿಲಿಟರಿಯವರು ತಂದ ಬಿಳಿ ಹಲಗೆಯನ್ನು ನಮ್ಮ ಹೋಟೆಲಿನ ಹಳೆಯ ಬೋರ್ಡಿನ ಮೇಲೆಯೇ ಮೊಳೆ ಹೊಡೆದು ಕೂರಿಸಿದರು. ಹಳೆಯದರಲ್ಲಿದ್ದದ್ದು 'ಬ್ರಾಹ್ಮಣರ ಕಾಫಿ ಹೋಟೆಲು'. ಅದರಲ್ಲಿ ಸರಿಯಾಗಿ ಮೊದಲನೆಯ ಮಾತು ಮಾತ್ರ ಮುಚ್ಚಿಹೋಗಿ, ಅದರ ಜಾಗಕ್ಕೆ 'ಮಿಲಿಟರಿ' ಬಂತು. ಇದನ್ನು ಕೇಳಿದವರು ನಗುತ್ತಾರೆ. ನಾನೂ ಎಷ್ಟೋ ಸಲ ಹೀಗೇ ಹೇಳಿ ನಗಿಸಿದ್ದೇನೆ. ಆದರೆ ಒಬ್ಬಳೇ ಕೂತು ನೆನೆಸಿಕೊಂಡರೆ ನನಗೆ ಕಾಣುವುದು ಬೇರೆ. ಬಿಳಿ ಹಲಗೆ ಬಾಗಿಲ ಪಕ್ಕದ ಕಂಬಕ್ಕಿದೆ, ಸ್ವಲ್ಪ ವಾರೆಯಾಗಿ. ಹಳೆಯ ಬೋರ್ಡು ಅದರ ಪಾಡಿಗೆ ಮೇಲಿದೆ, ಹೊಗೆ ಹಿಡಿದು ಯಾರಿಗೂ ಓದಲಾಗದಷ್ಟು ಕಪ್ಪಾಗಿ. ಹೊಗೆ ಹಿಡಿದ ಬೋರ್ಡಿನಿಂದ ಒಳ್ಳೆಯ ಕಥೆ ಹುಟ್ಟುವುದಿಲ್ಲ. ಆಮೇಲೆ ಯಾವತ್ತೋ ಮನೆಯವರೆಲ್ಲ ಸೇರಿ ಮಾತಿನಲ್ಲೇ ಆ ಮೊಳೆ ಹೊಡೆದಿರಬೇಕು.

ಹೋಟೆಲು ಇದ್ದದ್ದು ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ, ರಸ್ತೆ ಕವಲೊಡೆಯುವ ಕಡೆ. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನ ಮೇಲೆ ಓಡುತ್ತಿದ್ದವು. ಹಿಂದುಗಡೆ ಒಂದು ದೊಡ್ಡ ಕಬ್ಬಿಣದ ಒಲೆ ಕಟ್ಟಿಕೊಂಡು, ಕೆಮ್ಮುತ್ತ, ಏರಿನಲ್ಲಿ ಜನರನ್ನು ಇಳಿಸಿ ನಡೆಸುತ್ತ ಬರುತ್ತಿದ್ದವು. ನಮ್ಮ ಕವಲಿನಲ್ಲಿ ಬಸ್ಸು ನಿಲ್ಲಿಸಿ, ಕ್ಲೀನರು ಬೂದಿ ಕೆದಕಿ ಹೊಸ ಇದ್ದಿಲು ತುಂಬಿ ಗಾಳಿಯ ಚಕ್ರ ತಿರುಗಿಸುವಷ್ಟು ಹೊತ್ತು ಪ್ರಯಾಣಿಕರು ನಮ್ಮಲ್ಲಿ ತಿಂಡಿ ತಿನ್ನುತ್ತಿದ್ದರು. ಬಸ್ಸಿನ ಒಲೆ ಆರಿದರೆ ನಮ್ಮ ಒಲೆ ಉರಿಯುತ್ತದೆ ಎಂದು ಮಾವ ತಮಾಷೆ ಮಾಡುತ್ತಿದ್ದರು. ಹೋಟೆಲು ನಡೆಯುತ್ತಿದ್ದದ್ದೇ ಆ ಬಸ್ಸಿನಿಂದ.

ಮಾವ ಮತ್ತು ಅತ್ತೆ ಘಟ್ಟದ ಕೆಳಗಿನವರು. ನನ್ನ ತವರು ಜಾವಳಿ. ಹೋಟೆಲು ಎಂಬುದನ್ನೇ ನಾನು ಮದುವೆಯಾದ ಮೇಲೆ ಕಂಡದ್ದು. ಗಂಡ ಮೂಡಿಗೆರೆಯ ಒಂದು ಕಾಫಿ ಮಂಡಿಯಲ್ಲಿ ಗುಮಾಸ್ತರಾಗಿದ್ದು ಅಪರೂಪಕ್ಕೆ ಬರುತ್ತಿದ್ದರು. ಹಾಗಾಗಿ ನನ್ನ ಸಂಸಾರವೆಲ್ಲ ಅತ್ತೆಯ ಜೊತೆ, ಅಡಿಗೆಮನೆಯಲ್ಲಿ. ಮಡಿಯ ಅಡಿಗೆಮನೆ ಅದು. ಹೋಟೆಲಿನ ಹಿಂಭಾಗದಲ್ಲಿ, ಕಿಟಕಿಯೂ ಇಲ್ಲದ ಗೋಡೆಯ ಹಿಂದೆ. ತಿಂಡಿ ಹೊರಗೆ ಹೋಗಲು ಒಂದು ಕಿಂಡಿ. ಅತ್ತೆಯ ಕೈ ಕಿಂಡಿಯವರೆಗೆ, ಮಾವನ ಕೈ ಕಿಂಡಿಯಿಂದಾಚೆಗೆ. ತಿನ್ನಲು ಬಂದವರ ಕಣ್ಣು ಒಲೆಯ ಮೇಲೆ ಬೀಳಕೂಡದು.

ಈ ಒಲೆಯ ವಿಷಯ ಅತ್ತೆ ನನಗೆ ಮೊದಲ ವಾರವೇ ಹೇಳಿದ್ದರು. ಊರಿನ ಕೂಡುಕುಟುಂಬದಲ್ಲಿ ಅವರು ಮದುವೆಯಾದಂದಿನಿಂದ ಬೇಯಿಸಿದ್ದು ಓರಗಿತ್ತಿಯರು ಹೇಳಿದ್ದನ್ನು, ಅವರು ಅಳೆದು ಕೊಟ್ಟ ಅಕ್ಕಿಯಲ್ಲಿ. "ಇಲ್ಲಿ ಹುಳಿಗೆ ಉಪ್ಪು ನಾನೇ ಹಾಕುವುದು ಮಗಾ, ಕೇಳಿ ಹಾಕುವುದಲ್ಲ. ಹೋಟೆಲು ಮುಚ್ಚಿದ್ರೆ ಪುನಃ ಅಲ್ಲಿಗೇ ಹೋಗ್ಲಿಕ್ಕುಂಟು. ನಾನು ಹೋಗ್ಲಿಕ್ಕಿಲ್ಲ." ಅವರು ಅದನ್ನು ದುಃಖದಿಂದಲ್ಲ, ನಾಳೆ ಉದ್ದು ನೆನೆಹಾಕಬೇಕು ಎಂಬಂತೆ ಹೇಳಿದರು.

ಸೋಲ್ಜರರು ಬಂದು ಕೆಳಗಿನ ಹುಲ್ಲುಬಾಣೆಯಲ್ಲಿ ಡೇರೆ ಹಾಕಿದ್ದು ಮಳೆ ಕಡಿಮೆಯಾದ ಮೇಲೆ. ಬರ್ಮಾದ ಕಾಡಿನಲ್ಲಿ ಯುದ್ಧ ಮಾಡುವ ಮೊದಲು ನಮ್ಮ ಕಾಡಿನಲ್ಲಿ ಅಭ್ಯಾಸ ಮಾಡಲು ಅವರನ್ನು ಕರೆತಂದಿದ್ದಾರೆಂದು ಸುದ್ದಿ. ಬೆಳಿಗ್ಗೆ ಸಾಲಾಗಿ ಕಾಡಿಗೆ ನುಗ್ಗಿ, ಸಂಜೆ ಜಿಗಣೆ ಕಚ್ಚಿಸಿಕೊಂಡು, ಬಿಳಿ ಕಾಲುಗಳೆಲ್ಲ ರಕ್ತವಾಗಿ ವಾಪಸು ಬರುತ್ತಿದ್ದರು. ಅತ್ತೆ ಕಿಂಡಿಗೆ ಕಣ್ಣಿಟ್ಟು ನೋಡುತ್ತಿದ್ದರು. ಹೊರಗಿನವರು ಒಳಗೆ ನೋಡಕೂಡದೆಂದು ಇತ್ತೇ ಹೊರತು ಒಳಗಿನವರು ಹೊರಗೆ ನೋಡಲು ಅಡ್ಡಿಯಿರಲಿಲ್ಲ.

"ಇವ್ರ ಊರಲ್ಲಿ ಕಾಡಿಲ್ವಾ ಮಗಾ?"

"ಇರ್ಬೇಕು ಅತ್ತೆ. ಬರ್ಮದ ಕಾಡಿನ ಹಾಗೆ ಇಲ್ವಂತೆ."

"ಅಂದ್ರೆ ಆ ಕಾಡಿಗೆ ಹೋಗ್ಲಿಕ್ಕೆ ಈ ಕಾಡಲ್ಲಿ ಕಲಿಯುವುದಾ? ಇನ್ನೊಬ್ರ ಮನೆಯ ಒಲೆ ಹಾಳು ಮಾಡಿ ಅಡಿಗೆ ಕಲ್ತ ಹಾಗಾಯ್ತು."

ಮುಂದೆ ನಡೆದದ್ದನ್ನೆಲ್ಲ ಬಲ್ಲವರಂತೆ ಅತ್ತೆ ಆಗಲೇ ಹೀಗೆ ಹೇಳಿದ್ದರು ಎಂದು ಬರೆದುಬಿಟ್ಟೆ. ಆಗಲೇ ಹೇಳಿದ್ದೋ, ಎಲ್ಲ ಮುಗಿದ ಮೇಲೆ ಹೇಳಿದ್ದೋ ಆಣೆ ಮಾಡಿ ಹೇಳಲಾರೆ. ಮಾತು ಮಾತ್ರ ಅವರದೇ.

ಕೆಲವೇ ದಿನಗಳಲ್ಲಿ ಒಬ್ಬ ಆಫೀಸರು ದಾರಿಯುದ್ದಕ್ಕೂ ಇದ್ದ ಹೋಟೆಲುಗಳನ್ನು ಪರೀಕ್ಷೆ ಮಾಡುತ್ತ ಬಂದ. ತನ್ನ ಸೋಲ್ಜರರು ಎಲ್ಲಿ ತಿನ್ನಬಹುದು, ಎಲ್ಲಿ ತಿನ್ನಬಾರದು ಎಂದು ಗುರುತು ಹಾಕುವುದು ಅವನ ಕೆಲಸ. ನಮ್ಮಲ್ಲಿ ನೀರು ಕುದಿಸುವುದನ್ನೂ ಲೋಟಗಳನ್ನು ಬೂದಿ ಹಾಕಿ ಬೆಳಗುವುದನ್ನೂ ನೋಡಿ ತಲೆಯಾಡಿಸಿದ. ಮರುದಿನ ಬಿಳಿ ಹಲಗೆ ಬಂತು. ಅದರ ಮೇಲೆ ಇಂಗ್ಲಿಷಿನಲ್ಲಿ 'ಮಿಲಿಟರಿ' ಎಂದು ದೊಡ್ಡದಾಗಿಯೂ, ತಿನ್ನಲು ಅನುಮತಿಯಿದೆ ಎಂಬ ಅರ್ಥದ ಏನೋ ಒಂದು ಸಣ್ಣದಾಗಿಯೂ ಬರೆದಿತ್ತು. ಮುಂದಿನ ತಿರುವಿನಲ್ಲಿದ್ದ ಇನ್ನೊಂದು ಹೋಟೆಲಿಗೆ, ಅಲ್ಲಿನ ನೊಣಗಳನ್ನು ನೋಡಿ, ತಿನ್ನಬಾರದು ಎಂಬ ಹಲಗೆ ಕೊಟ್ಟರಂತೆ. ಆ ಹೋಟೆಲಿನವನಿಗೆ ಅವಮಾನವಾಗಿ ರಾತ್ರಿಯೇ ಕಿತ್ತು ಒಲೆಗೆ ಹಾಕಿದ ಎಂದು ಕ್ಲೀನರು ಹೇಳಿದ. ಮಾವ ನಮ್ಮದನ್ನು ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು.

ಮಾವನ ಹೆಮ್ಮೆಯೇ ಮನೆ ಹಾಳು ಮಾಡಿತು ಎಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಎಲ್ಲವೂ ತಿರುಗಿದ್ದು ಒಂದು ಮಾತಿನ ಮೇಲೆ. ಆ ಮಾತಿಗೆ ಘಟ್ಟದ ಮೇಲೆ ಒಂದು ಅರ್ಥವಿದೆ ಎಂಬುದು ಘಟ್ಟದ ಕೆಳಗಿನ ಮಾವನಿಗೆ ಗೊತ್ತಿರಲಿಲ್ಲ. ಜಾವಳಿಯ ತೋಟದ ಮನೆಯಿಂದ ಬಂದ ನನಗೂ ಗೊತ್ತಿರಲಿಲ್ಲ. ಬಯಲುಸೀಮೆಯ ಕಡೆಯ ಒಬ್ಬ ಲಾರಿಯವನು ಬಾಗಿಲಲ್ಲಿ ನಿಂತು ಕೇಳಿದ್ದು ಈಗಲೂ ಕಿವಿಯಲ್ಲಿದೆ.

"ಸ್ವಾಮಿ, ಇದು ಮಿಲಿಟ್ರಿ ಹೋಟ್ಲಾ?"

"ಹೌದಲ್ಲದೆ! ಈ ದಾರಿಯಲ್ಲಿ ಇದೊಂದೇ. ಆಫೀಸರೇ ಬಂದು ನೋಡಿ ಬರೆಸಿ ಕೊಟ್ಟದ್ದು."

"ಹಂಗಾದ್ರೆ ಏನೈತೆ ಇವತ್ತು?"

"ಇಡ್ಲಿ ಉಂಟು, ದೋಸೆ ಉಂಟು, ಅವಲಕ್ಕಿ ಉಂಟು."

"ಅದಲ್ಲ ಸ್ವಾಮಿ. ಮಿಲಿಟ್ರೀದು ಏನೈತೆ?"

"ಮಿಲಿಟ್ರಿಯವರೂ ಇದನ್ನೇ ತಿನ್ನುವುದು ಮಾರಾಯ."

"ಅದಕ್ಕೇ ಯುದ್ಧ ಮುಗೀತಿಲ್ಲ," ಎಂದು ಹೇಳಿ ಅವನು ಲಾರಿ ಹತ್ತಿದ. ಒಳಗೆ ನಾವಿಬ್ಬರೂ ಅರ್ಥವಾಗದೆಯೇ ನಕ್ಕೆವು.

ಹಲಗೆಯ ಸುದ್ದಿ ಇಂಗ್ಲಿಷು ಬಾರದವರಿಗೂ ಬಾಯಿಂದ ಬಾಯಿಗೆ ಮುಟ್ಟಿ, ಅಂಥವರು ಹೆಚ್ಚುತ್ತ ಹೋದರು. ಒಬ್ಬ ಮುದ್ದೆ ಕೇಳಿದ. ಇನ್ನೊಬ್ಬ ಕೈಮ ಉಂಡೆ ಇದೆಯೇ ಎಂದ. ಮಾವ ಅದು ಸಿಹಿಯುಂಡೆ ಎಂದುಕೊಂಡು, "ಇವತ್ತಿಲ್ಲ, ರವೆ ಉಂಡೆ ಉಂಟು" ಎಂದರು. ಅದೇ ಹೊತ್ತಿಗೆ ಬಸ್ಸಿನವರು ಕಡಿಮೆಯಾಗುತ್ತ ಬಂದರು. ಬಸ್ಸು ನಿಲ್ಲುತ್ತಿತ್ತು, ಜನ ಇಳಿಯುತ್ತಿದ್ದರು. ಆದರೆ ಹೋಟೆಲಿನ ಕಡೆ ಬರದೆ ಎದುರಿನ ಹತ್ತಿಮರದ ಕೆಳಗೆ ನಿಂತು, ಗಂಟು ಬಿಚ್ಚಿ ಮನೆಯಿಂದ ತಂದದ್ದನ್ನು ತಿನ್ನುತ್ತಿದ್ದರು. ಇಡ್ಲಿ ಉಳಿಯತೊಡಗಿತು. ಯುದ್ಧದಿಂದ ಜನರ ಹತ್ತಿರ ದುಡ್ಡಿಲ್ಲ ಎಂದು ಮಾವ ಸಮಾಧಾನ ಮಾಡಿಕೊಂಡರು. ನಮಗೆ ಗಿರಾಕಿಗಳೆಂದು ಉಳಿದದ್ದು ಸೋಲ್ಜರರು. ಅವರು ಕಾಫಿಯ ನಾಡಿಗೆ ಬಂದು ಟೀ ಕೇಳುತ್ತಿದ್ದರು. ದೋಸೆಗೆ ತಮ್ಮದೇ ಸಕ್ಕರೆ ಉದುರಿಸಿಕೊಂಡು ಹೊರಗಿನ ಕಲ್ಲಿನ ಮೇಲೆ ಕೂತು, ಜೇಬಿನಿಂದ ಒಂದು ಡಬ್ಬಿ ತೆಗೆದು ಕೊಯ್ದು, ಅದರೊಳಗಿನದನ್ನು ದೋಸೆಯ ಮೇಲೆ ಸವರಿ ತಿನ್ನುತ್ತಿದ್ದರು.

ಆ ಡಬ್ಬಿಯ ಮೇಲೆ ಹಸುವಿನ ತಲೆಯ ಚಿತ್ರವಿತ್ತು. ಮೂಡಿಗೆರೆಯ ಅಂಗಡಿಯಲ್ಲಿ ಸಿಗುವ ಗಟ್ಟಿ ಹಾಲಿನ ಡಬ್ಬಿಯ ಮೇಲೂ ಹಸು ಇರುತ್ತಿತ್ತು. "ಪಾಪ, ಹಾಲು ಹಚ್ಚಿ ತಿಂತಾವೆ, ಮಕ್ಕಳ ಹಾಗೆ," ಎಂದು ಅತ್ತೆ ಕಿಂಡಿಯಿಂದ ಮರುಗುತ್ತಿದ್ದರು. ಖಾಲಿ ಡಬ್ಬಿಯೊಂದನ್ನು ತೊಳೆದು ನಮ್ಮ ಹಸುವಿಗೆ ಹಿಂಡಿ ಅಳೆದು ಹಾಕಲು ಇಟ್ಟುಕೊಂಡಿದ್ದರು ಎಂದೂ ನನಗೆ ನೆನಪಿದೆ. ಇದನ್ನು ಬರೆಯುವಾಗ ಅನುಮಾನ ಬರುತ್ತಿದೆ. ಇಷ್ಟು ಚೆನ್ನಾಗಿ ಕೂಡಿಬರುವುದು ನಿಜವಾಗಿ ನಡೆದಿರುತ್ತದೆಯೇ? ಡಬ್ಬಿಯನ್ನು ಹಾಲೆಂದು ತಿಳಿದದ್ದು ನಿಜ. ಹಿಂಡಿಯದ್ದನ್ನು ಓದುವವರು ಬೇಕಾದರೆ ಬಿಡಬಹುದು.

ಗೊತ್ತಾದದ್ದು ಹೀಗೆ. ಹೊರನಾಡಿಗೆ ಹರಕೆ ತೀರಿಸಲು ಹೊರಟಿದ್ದ ಒಬ್ಬ ಹೆಂಗಸು, ಮಗುವಿಗೆ ಬಾಯಾರಿಕೆಯೆಂದು ನಮ್ಮ ಹಿತ್ತಿಲ ಕಡೆ ಬಂದರು. ಅತ್ತೆ ತಾವೇ ತಂಬಿಗೆಯಲ್ಲಿ ನೀರು ತಂದರು. ಮಗು ಕೈ ಚಾಚಿತು. ಅಷ್ಟರಲ್ಲಿ ಆ ಹೆಂಗಸು ಹೊಗೆ ಬರುವ ಅಡಿಗೆಮನೆಯನ್ನು ನೋಡಿ, ಇದು ಹೋಟೆಲಿನದೇ ಹಿಂಭಾಗವೆಂದು ತಿಳಿದು, ಮಗುವಿನ ಕೈ ಹಿಡಿದು ಹಿಂದಕ್ಕೆ ಎಳೆದುಕೊಂಡರು.

"ಬೇಡಮ್ಮ, ತಪ್ಪು ತಿಳ್ಕೋಬೇಡಿ. ದೇವಸ್ಥಾನಕ್ಕೆ ಹೊರಟಿದೀವಿ."

"ನೀರು ತಾನೆ? ಮಗು ಕುಡೀಲಿ."

"ಇದು ಮಿಲಿಟ್ರಿ ಹೋಟ್ಲಲ್ವಾ?"

"ಮಿಲಿಟ್ರಿಯವರು ಬರ್ತಾರೆ. ಬಂದ್ರೆ ಎಂತ ಆಯ್ತು?"

"ಅಯ್ಯೋ, ಮಿಲಿಟ್ರಿ ಹೋಟ್ಲು ಅಂದ್ರೆ ಮಾಂಸ ಬೇಯ್ಸೋ ಹೋಟ್ಲು ಅಮ್ಮ. ನೋಡಿದ್ರೆ ನೀವು..." ಎಂದು ಅತ್ತೆಯ ಹಣೆ, ಕುತ್ತಿಗೆ, ಸೀರೆ ಉಟ್ಟ ರೀತಿ ಎಲ್ಲ ನೋಡಿ, ಇನ್ನೂ ಗಾಬರಿಯಾಗಿ ಹೊರಟುಹೋದರು. ತಂಬಿಗೆ ಅತ್ತೆಯ ಕೈಯಲ್ಲೇ ಉಳಿಯಿತು.

ಸಂಜೆ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಬಂದಾಗ ಮಾವ ಕೇಳಿದರು. ರೈಟರು ನಮ್ಮ ಹಳೆಯ ಗಿರಾಕಿ, ಎಲ್ಲದಕ್ಕೂ ನಗುವ ಮನುಷ್ಯ. ಕಾಫಿ ಲೋಟ ಕೆಳಗಿಟ್ಟು ನಕ್ಕರು.

"ಚಿಕ್ಕಮಗಳೂರಿಗೆ ಹೋಗಿ ಯಾರನ್ನಾದ್ರೂ ಕೇಳಿ ಭಟ್ರೇ. ಬೋಟಿ, ತಲೆಮಾಂಸ ಎಲ್ಲ ಸಿಗೋದು ಮಿಲಿಟ್ರಿ ಹೋಟ್ಲಲ್ಲೇ. ನಾನು, ಇವ್ರು ವ್ಯಾಪಾರ ಬದಲಾಯ್ಸಿದ್ರೇನೋ, ಕೇಳಿದ್ರೆ ಬೇಜಾರು ಮಾಡ್ಕೊಂಡಾರು ಅಂತ ಸುಮ್ನಿದ್ದೆ."

"ಮತ್ತೆ ನೀವು ದಿನಾ ಕಾಫಿ ಕುಡೀತಿದ್ರಲ್ಲ?"

"ಕಾಫಿಗೆ ಎಂತ ಮೈಲಿಗೆ ಮಾರಾಯ್ರೆ! ನಾನು ಒಳಗಿಂದ ಯಾವಾಗ ವಾಸನೆ ಬರ್ತದೆ ಅಂತ ಕಾಯ್ತಾ ಇದ್ದೆ."

ಡಬ್ಬಿಯ ಮೇಲಿದ್ದ ಹಸುವೇ ಡಬ್ಬಿಯೊಳಗೂ ಇರುವುದು, ಹಾಲಲ್ಲ ಎಂದು ಹೇಳಿದವರೂ ಅವರೇ. ಅತ್ತೆ ಕಿಂಡಿ ಮುಚ್ಚಿದರು. ಒಳಗೆ ನೀರು ಹೊಯ್ದುಕೊಳ್ಳುವ ಸದ್ದು ಬಹಳ ಹೊತ್ತು ಕೇಳಿಸಿತು.

ಹಲಗೆ ಕಿತ್ತುಹಾಕಿ ಎಂದು ಅತ್ತೆ ಹೇಳಿದ್ದು ಅವತ್ತೇ. ಸರ್ಕಾರದ್ದನ್ನು ಕೀಳುವುದು ಹೇಗೆ, ಯುದ್ಧದ ಕಾಲದಲ್ಲಿ ಹಿಡಿದು ಒಳಗೆ ಹಾಕಿದರೆ ಎಂದು ಮಾವನಿಗೆ ಹೆದರಿಕೆ. ರೈಟರನ್ನು ಕರೆದುಕೊಂಡು ಕ್ಯಾಂಪಿಗೆ ಹೋದರು. ರೈಟರ ಇಂಗ್ಲಿಷು ಎಸ್ಟೇಟಿನ ಇಂಗ್ಲಿಷು. ದೊರೆಗೆ ಒಪ್ಪಿಸುವುದು ಗೊತ್ತೇ ಹೊರತು ದೊರೆಗೆ ಬೇಡ ಎನ್ನುವುದು ಗೊತ್ತಿರಲಿಲ್ಲ. ಬೋರ್ಡಿನಿಂದ ತೊಂದರೆ, ಜನ ಬರುತ್ತಿಲ್ಲ ಎಂದು ಹೇಳಿದರಂತೆ. ಆಫೀಸರು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡು, ಬೋರ್ಡು ಸರಿಯಾಗಿ ಕಾಣದೆ ಜನ ಬರುತ್ತಿಲ್ಲ ಎಂದು ಅರ್ಥ ಮಾಡಿಕೊಂಡ. ಮರುದಿನ ಇಬ್ಬರು ಸೋಲ್ಜರರು ಇನ್ನೂ ದೊಡ್ಡದೊಂದು ಹಲಗೆ ತಂದರು. ಮೂಡಿಗೆರೆಯ ಕಡೆಯಿಂದಲೂ ಕಳಸದ ಕಡೆಯಿಂದಲೂ ಕಾಣುವ ಹಾಗೆ ಎರಡೂ ಮೈಗೆ ಬರೆದದ್ದು. ರಸ್ತೆಯಂಚಿನಲ್ಲಿ ಗುಂಡಿ ತೋಡಿ ನೆಟ್ಟು, ಮಾವನ ಕೈ ಕುಲುಕಿ ಹೋದರು.

ಅದಾದ ಮೇಲೆ ಬಸ್ಸಿನ ಡ್ರೈವರು ಹಿತ್ತಿಲಿಗೆ ಬಂದು ತಲೆಯ ಮೇಲಿನ ಟೋಪಿ ತೆಗೆದು ನಿಂತ.

"ಅಮ್ಮಾರೆ, ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ. ದೇವಸ್ಥಾನಕ್ಕೆ ಹೋಗೋರು ಇಲ್ಲಿ ಇಳಿಯೋದೇ ಮೈಲಿಗೆ ಅಂತ ಗಲಾಟೆ ಮಾಡ್ತಾರೆ. ದೀಪಾವಳಿ ಕಳೆದ ಮೇಲೆ ಮುಂದಿನ ಹೋಟ್ಲ ಹತ್ರ ನಿಲ್ಸು ಅಂತ ಓನರು ಹೇಳಿದಾರೆ."

ಮುಂದಿನ ಹೋಟೆಲೆಂದರೆ ನೊಣದ ಹೋಟೆಲು. ಬಸ್ಸು ಅಲ್ಲಿ ನಿಂತರೆ ನಾವು ಘಟ್ಟ ಇಳಿಯಬೇಕು. ಮಾವ ಆ ರಾತ್ರಿಯೇ ಊರಿನ ಅಣ್ಣನ ವಿಷಯ ಎತ್ತಿದರು. ಎಷ್ಟೆಂದರೂ ನಮ್ಮವರು, ಬೇಡ ಅನ್ನಲಿಕ್ಕಿಲ್ಲ ಎಂದರು.

ಬೆಳಿಗ್ಗೆ ನಾನು ಎದ್ದು ಬರುವಾಗ ಅಡಿಗೆಮನೆಯಲ್ಲಿ ದೊಡ್ಡ ಒಲೆಯ ಕಲ್ಲುಗಳಿರಲಿಲ್ಲ. ಅತ್ತೆ ಅವನ್ನು ಒಂದೊಂದಾಗಿ ಹೊತ್ತು ಮುಂದಿನ ಜಗುಲಿಯಲ್ಲಿ, ರಸ್ತೆಗೆ ಮುಖವಾಗಿ ಹೂಡಿದ್ದರು. ಸೆಗಣಿ ಸಾರಿಸಿ ಆಗಿತ್ತು. ದೋಸೆ ಕಲ್ಲು, ಹುಳಿಯ ಪಾತ್ರೆ, ಉಪ್ಪಿನ ಮರಿಗೆ, ತರಕಾರಿ ಬುಟ್ಟಿ, ಎಲ್ಲ ಹೊರಗೆ. ಮಾವ ಹಲ್ಲುಜ್ಜುತ್ತ ಬಂದವರು ಹಾಗೇ ನಿಂತರು.

"ಇದೆಂತದ್ದು? ಹೆಂಗಸು ರಸ್ತೆಯಲ್ಲಿ ಕೂತು ಅಡಿಗೆ ಮಾಡುವುದಾ? ಮಡಿ ಎಲ್ಲಿ ಹೋಯ್ತು?"

"ಒಳಗೆ ಮಡಿಯಲ್ಲೇ ಅಲ್ವಾ ಮಾಡಿದ್ದು? ಅದಕ್ಕೇ ಅಲ್ವಾ ಮಾಂಸ ಅಂದದ್ದು?"

"ಕಂಡವರ ಕಣ್ಣು ಬೀಳ್ತದೆ."

"ಬೀಳ್ಲಿ. ಬೀಳ್ಬೇಕು ಅಂತಲೇ ಇಟ್ಟದ್ದು. ಒಳಗೆ ಎಂತ ಬೇಯ್ತದೆ ಅಂತ ಇನ್ನು ಯಾರೂ ಕೇಳುವುದು ಬೇಡ. ನೀವು ಬಾಯಿ ಮುಕ್ಕಳಿಸಿ."

ಬಸ್ಸು ಬಂತು. ಹತ್ತಿಮರದ ಕೆಳಗೆ ನಿಂತವರು ನೋಡಿದರು. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಯಾರನ್ನೂ ಕರೆಯದೆ, ಯಾರ ಮುಖವನ್ನೂ ನೋಡದೆ, ಒಂದು ದೊಡ್ಡ ಸೌತೆಕಾಯಿ ಎತ್ತಿ ಎಲ್ಲರಿಗೂ ಕಾಣುವಂತೆ ತಿರುಗಿಸಿ ಹೆಚ್ಚಿದರು. ಬೇಳೆಯನ್ನು ಮೊರದಲ್ಲಿ ಒಮ್ಮೆ ಎತ್ತಿ ಹಾರಿಸಿ ಪಾತ್ರೆಗೆ ಸುರಿದರು. ಜಾದೂ ಮಾಡುವವನು ಖಾಲಿ ಕೈ ತೋರಿಸುವ ಹಾಗೆ. ಮೊದಲು ಮಕ್ಕಳು ಹತ್ತಿರ ಬಂದವು. ಆಮೇಲೆ ಮಕ್ಕಳನ್ನು ಎಳೆದೊಯ್ಯಲು ಬಂದ ಹೆಂಗಸರು ಅಲ್ಲೇ ನಿಂತರು. "ಹುಳಿಗೆ ಕೊತ್ತಂಬರಿ ಹುರೀತೀರಾ?" ಎಂದು ಒಬ್ಬಾಕೆ ಕೇಳಿದಳು. ಕಿಂಡಿಯ ಹಿಂದಿದ್ದಷ್ಟು ದಿನ ಅತ್ತೆಯನ್ನು ಯಾರೂ ಏನೂ ಕೇಳಿರಲಿಲ್ಲ. "ಕೊಬ್ರಿ ಎಣ್ಣೆಯಲ್ಲಿ ಹುರೀತೇನೆ," ಎಂದರು ಅತ್ತೆ. ಮುಖ ಕೆಂಪಾಗಿತ್ತು, ಒಲೆಯ ಬಿಸಿಗೋ ಏನೋ.

ದೀಪಾವಳಿ ಕಳೆದ ಮೇಲೂ ಬಸ್ಸು ನಮ್ಮಲ್ಲೇ ನಿಂತಿತು. ಅತ್ತೆಯ ಧೈರ್ಯ ನೋಡಿ ಜನ ಮನಸ್ಸು ಬದಲಾಯಿಸಿದರು ಎಂಬುದು ಮನೆಯ ಕಥೆ. ಆದರೆ ಕ್ಲೀನರು ನನಗೆ ಬೇರೆಯದನ್ನು ಹೇಳಿದ್ದ. ಒಂದು ದಿನ ಬಸ್ಸನ್ನು ಮುಂದಿನ ಹೋಟೆಲಿನ ಹತ್ತಿರ ನಿಲ್ಲಿಸಿ ನೋಡಿದರಂತೆ. ಅಲ್ಲಿ ರಸ್ತೆ ಮಟ್ಟಸ. ಇದ್ದಿಲಿನ ಬಸ್ಸು ಎಷ್ಟು ನೂಕಿದರೂ ಹೊರಡಲಿಲ್ಲ. ನಮ್ಮ ಕವಲಿನಲ್ಲಿ ಇಳಿಜಾರಿತ್ತು, ಬ್ರೇಕು ಬಿಟ್ಟರೆ ಸಾಕು, ತಾನೇ ಉರುಳಿ ಶುರುವಾಗುತ್ತಿತ್ತು. ಧೈರ್ಯವೋ ಇಳಿಜಾರೋ? ಎರಡೂ ಇದ್ದಿರಬೇಕು. ಬಸ್ಸು ನಿಂತದ್ದು ಇಳಿಜಾರಿಗೆ. ಇಳಿದವರು ಹತ್ತಿಮರದಿಂದ ಜಗುಲಿಯವರೆಗೆ ನಡೆದು ಬಂದದ್ದು ಇಳಿಜಾರಿಗಲ್ಲ.

ಎಲ್ಲರೂ ವಾಪಸು ಬರಲಿಲ್ಲ ಎಂಬುದನ್ನೂ ಹೇಳಬೇಕು. ಹಿಂದೆ ಒಳಗೆ ಕೂತು ಬಾಳೆಲೆಯಲ್ಲಿ ಉಣ್ಣುತ್ತಿದ್ದ ಕಳಸದ ಕಡೆಯ ಒಬ್ಬ ಪುರೋಹಿತರು ರಸ್ತೆಯಲ್ಲೇ ನಿಂತು ಮಾವನಿಗೆ ಹೇಳಿ ಹೋದರು: "ಮಾಂಸ ಇಲ್ಲ ಅಂತ ಗೊತ್ತಾಯ್ತು. ಈಗ ಮಡಿಯೂ ಇಲ್ಲ ಅಂತ ಕಾಣ್ತಾ ಉಂಟಲ್ಲ." ಅವರ ಬದಲು ಬಂದವರು ಬೇರೆ. ಎಸ್ಟೇಟಿನ ಆಳುಗಳಿಗೆ ಹಿಂದೆ ಹೋಟೆಲಿನ ಒಳಗೆ ಜಾಗವಿರಲಿಲ್ಲ, ಹೊರಗೆ ನಿಂತು ತೆಗೆದುಕೊಳ್ಳಬೇಕಿತ್ತು. ಈಗ ಒಲೆಯೇ ಹೊರಗೆ ಬಂದು ಕೂತಿತ್ತು. ಬಸ್ಸಿನವರು, ಲಾರಿಯವರು, ಆಳುಗಳು, ಸೋಲ್ಜರರು ಎಲ್ಲ ಒಂದೇ ಒಲೆಯ ಸುತ್ತ ನಿಂತು ದೋಸೆ ಮಗುಚುವುದನ್ನು ಕಾಯುತ್ತಿದ್ದರು. ಅತ್ತೆ ಇದನ್ನು ಉದ್ದೇಶಿಸಿ ಮಾಡಿದ್ದಲ್ಲ. ಬಸ್ಸು ಹೋದ ಮೇಲೆ ಜಗುಲಿಗೆಲ್ಲ ನೀರು ಚಿಮುಕಿಸುತ್ತಿದ್ದರು. ದಿನ ಕಳೆದಂತೆ ಬೆಳಿಗ್ಗೆಯ ಬಸ್ಸಿಗೆ ಮಾತ್ರ ಚಿಮುಕಿಸಿದರು. ಆಮೇಲೆ ಯಾವಾಗ ನಿಲ್ಲಿಸಿದರೋ ನಾನು ಗಮನಿಸಲಿಲ್ಲ. ಗಮನಿಸಬೇಕಾದದ್ದು ಅದೇ ಆಗಿತ್ತು ಎಂದು ಈಗ ಅನ್ನಿಸುತ್ತದೆ.

ಸೋಲ್ಜರರು ಒಂದು ಬೆಳಿಗ್ಗೆ ಡೇರೆ ಕಿತ್ತು ಹೊರಟುಹೋದರು. ಬರ್ಮಾಕ್ಕೆ ಎಂದರು. ಅವರು ಕಲಿತ ನಮ್ಮ ಕಾಡು ಅಲ್ಲಿ ಉಪಯೋಗಕ್ಕೆ ಬಂತೋ ಇಲ್ಲವೋ, ನಮಗೆ ಯಾರೂ ಹೇಳಲಿಲ್ಲ. ಮೊದಲಿನ ಹಲಗೆಯನ್ನು ಕಿತ್ತು ಒಯ್ದವರು ರಸ್ತೆಯಂಚಿನ ದೊಡ್ಡದನ್ನು ಒಯ್ಯುವುದು ಮರೆತಿದ್ದರು. ಮಾವ ಇನ್ನೂ ಸ್ವಲ್ಪ ದಿನ ಕಾದು, ಯಾರೂ ಕೇಳಲು ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಕಿತ್ತರು. ಅತ್ತೆ ಅದನ್ನು ತೊಳೆದು, ಒಂದು ಮೈಯ ಬರಹವನ್ನು ಉಜ್ಜಿ ತೆಗೆದು, ಇನ್ನೊಂದು ಮೈಯದನ್ನು ಕೆಳಗೆ ಮಾಡಿ, ಒಲೆಯ ಪಕ್ಕದಲ್ಲಿ ಕೂರುವ ಮಣೆ ಮಾಡಿಕೊಂಡರು. ಒಲೆಯನ್ನು ಪುನಃ ಒಳಗೆ ಇಡೋಣವೇ ಎಂದು ಮಾವ ಕೇಳಿದರು.

"ಒಳಗೆ ಹೊಗೆ," ಎಂದರು ಅತ್ತೆ.

ಹಲಗೆ ಹೋದರೂ ಹೆಸರು ಹೋಗಲಿಲ್ಲ. ಬಸ್ಸಿನವರಿಗೆ ನಮ್ಮ ಕವಲಿಗೆ ಒಂದು ಹೆಸರು ಬೇಕಿತ್ತು, ಸಿಕ್ಕಿತ್ತು. ಯುದ್ಧ ಮುಗಿದು ಬಸ್ಸಿಗೆ ಮತ್ತೆ ಪೆಟ್ರೋಲು ಬಂದ ಮೇಲೂ ಕಂಡಕ್ಟರು ಬಾಗಿಲಿನಿಂದ ನೇತಾಡುತ್ತ ಕೂಗುತ್ತಿದ್ದ: "ಮಿಲಿಟ್ರಿ ಇಳಿಯೋರು! ಮಿಲಿಟ್ರಿ!" ಹೊಸಬನೊಬ್ಬ ಅದನ್ನು ನಂಬಿ ಇಳಿದು, ತುಟಿ ಒರೆಸಿಕೊಂಡು ಒಲೆಯ ಹತ್ತಿರ ಬಂದು ಕೇಳಿದ.

"ಏನಮ್ಮ, ಕುರಿಯಾ ಕೋಳಿಯಾ?"

ಅತ್ತೆ ಮಣೆಯ ಮೇಲಿಂದ ಏಳಲಿಲ್ಲ. ಸೌಟಿನಿಂದ ಹುಳಿಯ ತಳ ಎತ್ತಿ ಅವನ ಮೂಗಿನ ಹತ್ತಿರ ಹಿಡಿದರು.

"ಕಣ್ಣುಂಟಲ್ಲ ಮಾರಾಯ, ನೋಡು. ನೋಡ್ಲಿಕ್ಕೇ ಇಟ್ಟದ್ದು. ದೋಸೆ ಒಂದು ಹಾಕ್ಲಾ, ಎರಡಾ?"